ಮೂರನೆಯ ಪೆಟ್ಟಿಗೆಯ ಮೌನ

ಮೂರನೆಯ ಪೆಟ್ಟಿಗೆಯ ಗುಂಡಿ ಒತ್ತಿ, ಅದರ ಗಾಜಿನ ವಾಲ್ವ್‌ಗಳು ಬಿಸಿಯಾಗಲೆಂದು ಇಪ್ಪತ್ತು ನಿಮಿಷ ಬಿಟ್ಟು, ಲ್ಯುಬೆನ್ ತನ್ನ ಹಳೆಯ ಕುರ್ಚಿಯಲ್ಲಿ ಬಂದು ಕೂತಾಗ ಅವನಿಗೆ ಮೊದಲು ಅನ್ನಿಸಿದ್ದು ಇಸ್ಕ್ರಾ ಇವತ್ತೂ ಮನೆಯಲ್ಲಿಲ್ಲ ಎನ್ನುವುದು. ಹೆಂಡತಿ ಹಾಸ್ಕೊವೊಗೆ ಹೋಗಿ ನಾಲ್ಕು ದಿನವಾಗಿತ್ತು. ಅಲ್ಲಿ ಅವಳ ಅಕ್ಕನಿಗೆ ಮೊಣಕಾಲಿನ ಆಪರೇಷನ್. ಹೋಗುವಾಗ ಫ್ರಿಜ್ಜಿನಲ್ಲಿ ಹುರುಳಿಕಾಯಿ ಸಾರು, ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ, ಮೊಸರಿನ ಮಡಕೆ, ಎಲ್ಲವನ್ನೂ ಇಟ್ಟು ಹೋಗಿದ್ದಳು. ತನ್ನ ಕಿವಿಗಳನ್ನು ಮಾತ್ರ ಇಟ್ಟು ಹೋಗಿರಲಿಲ್ಲ. ಈ ಯೋಚನೆ ಬಂದದ್ದೇ ತಡ ಅವನಿಗೆ ನಾಚಿಕೆಯಾಯಿತು. ಯಾರೋ ನೋಡಿಬಿಟ್ಟರೇನೋ ಎಂಬಂತೆ ಕಿಟಕಿಯ ಕಡೆ ತಿರುಗಿದ. ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಒಬ್ಬಳು ನವೆಂಬರ್ ಬಿಸಿಲಿಗೆ ರಗ್ಗು ಹರವಿ ಕೋಲಿನಿಂದ ಬಡಿಯುತ್ತಿದ್ದಳು. ಕೋಲು ಬೀಳುವುದು ಕಾಣುತ್ತಿತ್ತು. ಸದ್ದು ಬಂತೇ, ಅಥವಾ ಸದ್ದು ಇರಲೇಬೇಕು ಎಂದು ತಾನೇ ಸೇರಿಸಿಕೊಂಡೆನೇ ಎಂದು ಅವನು ಯೋಚಿಸಿದ. ಇತ್ತೀಚೆಗೆ ಎಲ್ಲದರಲ್ಲೂ ಈ ಅನುಮಾನ. ಕಾಗದ ಹರಿದರೆ, ಕೀಲಿಗೊಂಚಲು ಬಿದ್ದರೆ, ಬಸ್ಸಿನ ಬ್ರೇಕು ಕಿರುಗುಟ್ಟಿದರೆ, ನಿಜವಾಗಿ ಕೇಳಿಸಿದ್ದೆಷ್ಟು, ಐವತ್ತೆಂಟು ವರ್ಷದ ಅಭ್ಯಾಸ ಒದಗಿಸಿದ್ದೆಷ್ಟು.

ತಗ್ಗು ಮೇಜಿನ ಮೇಲೆ ಮೂರು ಆಂಪ್ಲಿಫೈಯರ್‌ಗಳು ಸಾಲಾಗಿ ಕೂತಿದ್ದವು. ಧ್ವನಿಯನ್ನು ಹದಗೊಳಿಸುವುದು, ಅದಕ್ಕೆ ಬಲ ತುಂಬಿ ಸ್ಪೀಕರಿಗೆ ಕೊಡುವುದು, ಎರಡನ್ನೂ ಒಂದೇ ಮೈಯಲ್ಲಿ ಅಡಗಿಸಿಕೊಂಡ ಜಾತಿಯವು. ಮೂರರಲ್ಲಿ ಯಾವುದನ್ನು ಕೊಳ್ಳಲೂ ಅವನೂರು ಪ್ಲೋವ್‌ದಿವ್‌ನ ಮೇಷ್ಟರೊಬ್ಬನ ವರ್ಷದ ಸಂಬಳ ಸಾಲದು. ಲ್ಯುಬೆನ್ ಇಪ್ಪತ್ತೆರಡು ವರ್ಷಗಳಿಂದ ಇಂಥವುಗಳ ಗುಣದೋಷಗಳನ್ನು ತೂಗಿ ಪತ್ರಿಕೆಗೆ ಬರೆಯುತ್ತಿದ್ದ. ಓದುತ್ತಿದ್ದವರಲ್ಲಿ ಕೊಳ್ಳಲಾಗದವರೇ ಹೆಚ್ಚು. ಪಥ್ಯದಲ್ಲಿರುವವನು ಮದುವೆ ಊಟದ ವರ್ಣನೆ ಕೇಳುವಂತೆ ಅವರು ಅವನನ್ನು ಓದುತ್ತಿದ್ದರು. ಮೊದಲನೆಯದು ಉತ್ತರದ ದೇಶದ್ದು, ಮೂವತ್ತನಾಲ್ಕು ಕಿಲೋ, ಟ್ರಾನ್ಸಿಸ್ಟರಿನದು. ಅದು ಡೋಲಿನ ಹೊಡೆತವನ್ನು ಕತ್ತು ಹಿಡಿದು ನಿಲ್ಲಿಸುತ್ತಿತ್ತು. ಹೊಡೆತ ಮುಗಿದ ಕ್ಷಣ ಸದ್ದೂ ಮುಗಿಯಬೇಕು, ಒಂದು ಕೂದಲೆಳೆ ಉಳಿಯುವಂತಿಲ್ಲ. ಆದರೆ ಅದರಲ್ಲಿ ಯಾರು ಹಾಡಿದರೂ ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುತ್ತಿರುವಂತೆ ಇರುತ್ತಿತ್ತು. ಎರಡನೆಯದು ಇಟಲಿಯದು, ಅಕ್ರೋಟು ಮರದ ಕೆನ್ನೆಗಳು, ಮುಟ್ಟಿದರೆ ಕೈ ಹಿಂದೆಗೆಯಲು ಮನಸ್ಸಾಗದು. ಪಿಟೀಲಿಗೆ ಜೇನು ಸವರುತ್ತಿತ್ತು. ಹತ್ತು ನಿಮಿಷ ಸುಖ, ಆಮೇಲೆ ಎಲ್ಲ ಪಿಟೀಲೂ ಒಂದೇ ಪಿಟೀಲು. ತಂತಿವಾದ್ಯಗಳ ತಗ್ಗಿನ ಸ್ವರಗಳಿಗೆ ಬಂದಾಗ ಅದರ ಮೊಣಕಾಲು ಸೋಲುತ್ತಿತ್ತು. ಈ ಎರಡರ ಬಗ್ಗೆ ಬರೆದು ಮುಗಿಸಿದ್ದ. ಇಸ್ಕ್ರಾ ಇದ್ದಾಗಲೇ ಕೇಳಿದ್ದು ಅವೆರಡೂ.

ಅವಳಿಗೆ ಈ ಪೆಟ್ಟಿಗೆಗಳ ಹೆಸರೂ ಗೊತ್ತಿರಲಿಲ್ಲ. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು, ಹೆಣಿಗೆ ಹಿಡಿದು ಮೂಲೆಯ ಸೋಫಾದಲ್ಲಿ ಕೂರುತ್ತಿದ್ದಳು. ಲ್ಯುಬೆನ್ ಏನನ್ನೂ ನೇರವಾಗಿ ಕೇಳುತ್ತಿರಲಿಲ್ಲ. ರೊಡೋಪ್ ಬೆಟ್ಟದ ಹೆಂಗಸರು ಹಾಡಿದ ಹಳೆಯ ಧ್ವನಿಮುದ್ರಿಕೆ ಹಾಕಿ, ಅಕ್ಕಪಕ್ಕದ ಎರಡು ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡು ನಡುಗುವ ಜಾಗ ಬಂದಾಗ, ಏನೋ ನೆನಪಾದವನಂತೆ, "ಇವತ್ತು ಹೆಂಗಿದಾರೆ ಇವರೆಲ್ಲಾ" ಎನ್ನುತ್ತಿದ್ದ. ಅವಳು ಸೂಜಿಯಿಂದ ಕಣ್ಣೆತ್ತದೆ, "ಎಡಗಡೆಯವಳು ಬಾಯಲ್ಲಿ ಹತ್ತಿ ಇಟ್ಕೊಂಡಿದಾಳೆ" ಎಂದೋ, "ಇದರಲ್ಲಿ ಗಾಳಿ ಇದೆ, ಹಿಂದಿನ ವಾರದ್ದರಲ್ಲಿ ಕಿಟಕಿ ಹಾಕಿತ್ತು" ಎಂದೋ ಅನ್ನುತ್ತಿದ್ದಳು. ಮುಂದಿನ ತಿಂಗಳು ಪತ್ರಿಕೆಯಲ್ಲಿ ಆ ಹತ್ತಿ, ಆ ಗಾಳಿ, ಆ ಕಿಟಕಿ ಉದ್ದುದ್ದ ವಾಕ್ಯಗಳ ಕೋಟು ತೊಟ್ಟು ಬರುತ್ತಿದ್ದವು. ಒಂದು ಸಲ ರಾಜಧಾನಿ ಸೋಫಿಯಾದಿಂದ ಓದುಗನೊಬ್ಬ ಬರೆದಿದ್ದ: ನಿಮ್ಮ ಕಿವಿ ಈ ದೇಶದ ಆಸ್ತಿ. ಆ ಪತ್ರವನ್ನು ಇಸ್ಕ್ರಾಗೆ ಓದಿ ಹೇಳಿದಾಗ ಅವಳು ನಕ್ಕು ಹೆಣಿಗೆಯ ಒಂದು ಕುಣಿಕೆ ತಪ್ಪಿಸಿದಳು, ಅಷ್ಟೇ. ಆ ನಗುವಿನಲ್ಲಿ ಏನಿತ್ತು ಎಂದು ಅವನು ಎಷ್ಟೋ ದಿನ ಹುಡುಕಿದ್ದ.

ಡಾಕ್ಟರ ಹತ್ತಿರ ಹೋದದ್ದನ್ನು ಅವಳಿಗೆ ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ, ಬೇರೆ ಊರಿನ ಕ್ಲಿನಿಕ್ಕಿಗೆ, ಹೆಸರು ಹೇಳಿದರೆ ಯಾರೂ ಗುರುತಿಸದ ಕಡೆಗೆ ಹೋಗಿದ್ದ. ಹತ್ತಿ ಹೊದಿಸಿದ ಗೂಡಿನಂಥ ಕೋಣೆ, ಕಿವಿಗೆ ಹೆಡ್‌ಫೋನು, ಕೈಗೊಂದು ಗುಂಡಿ. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಗಾಜಿನಾಚೆ ಕೂತ ಡಾಕ್ಟರು, ಮಗಳ ವಯಸ್ಸಿನವಳು, ಸ್ವರ ಬದಲಿಸುವಾಗಲೆಲ್ಲ ಅವಳ ಬಲ ಭುಜ ಒಂದು ಚೂರು ಮೇಲೇಳುತ್ತಿತ್ತು. ಲ್ಯುಬೆನ್ ಅದನ್ನು ಕಂಡುಕೊಂಡ. ಭುಜ ಎದ್ದಾಗ ಗುಂಡಿ ಒತ್ತಿದ. ಮತ್ತೆ ಎದ್ದಿತು, ಮತ್ತೆ ಒತ್ತಿದ. ಅವಳು ಸ್ವಲ್ಪ ಹೊತ್ತು ನೋಡಿ, ಬಾಗಿಲು ತೆರೆದು ಒಳಗೆ ಬಂದು, ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹೋದಳು. ಕಾಪಿ ಹೊಡೆದು ಸಿಕ್ಕಿಬಿದ್ದವನಂತೆ ಅವನು ಗೋಡೆ ನೋಡುತ್ತ ಕೂತ. ಆಮೇಲಿನ ಹತ್ತು ನಿಮಿಷ ಗೋಡೆಯಿಂದ ಏನೂ ಬರಲಿಲ್ಲ. ಕೊನೆಗೆ ಕೈಗೆ ಬಂದ ಪರೀಕ್ಷೆಯ ಚೀಟಿಯಲ್ಲಿ ಗೆರೆಯೊಂದು ಅರ್ಧದವರೆಗೆ ಸಮನಾಗಿ ಬಂದು ಅಲ್ಲಿಂದ ಬಾವಿಗೆ ಬಿದ್ದಂತೆ ಇಳಿದಿತ್ತು. "ಮಾತುಕತೆಗೆ ಇನ್ನೂ ತೊಂದರೆ ಇಲ್ಲ," ಎಂದಳು ಡಾಕ್ಟರು. "ಮೇಲಿನ ಸ್ವರಗಳು ಮಾತ್ರ ಹೋಗಿವೆ. ತಾವೇನು ಕೆಲಸ ಮಾಡ್ತೀರಿ?" ಅವನು, "ಕಚೇರಿ ಕೆಲಸ," ಎಂದ.

ಆ ನವೆಂಬರ್ ದಿನ ಮಧ್ಯಾಹ್ನ ಹನ್ನೆರಡಕ್ಕೆ ಗೆಂಚೊ ಬಂದ. ಮೂರನೆಯ ಪೆಟ್ಟಿಗೆ ಅವನದೇ. ಇಪ್ಪತ್ತು ಕಿಲೋಮೀಟರ್ ಆಚೆಯ ಆಸೆನೊವ್‌ಗ್ರಾದ್‌ನಲ್ಲಿ, ಹಿಂದೆ ಕುದುರೆ ಲಾಯವಾಗಿದ್ದ ಕೊಟ್ಟಿಗೆಯಲ್ಲಿ, ಅವನು ಒಬ್ಬನೇ ಕೈಯಾರೆ ಮಾಡಿದ್ದು. ರೇಡಿಯೋ ನಿಲಯದಲ್ಲಿ ಲ್ಯುಬೆನ್ ಧ್ವನಿಮುದ್ರಣದ ಕೆಲಸಕ್ಕೆ ಸೇರಿದಾಗ ಗೆಂಚೊ ಅಲ್ಲಿ ರಿಪೇರಿ ನೋಡಿಕೊಳ್ಳುತ್ತಿದ್ದ. ಏಳು ವರ್ಷ ಹಿರಿಯ. ಆಗಿನಿಂದಲೂ ಲ್ಯುಬೆನ್ ಅವನನ್ನು ಅಣ್ಣನನ್ನು ಕರೆಯುವಂತೆ ಬಾಯ್ ಗೆಂಚೊ ಎಂದೇ ಕರೆಯುತ್ತಿದ್ದ. ಬಾಗಿಲಲ್ಲಿ ಬೂಟು ಬಿಚ್ಚಿ, ಕೆಂಪು ಮೆಣಸಿನಕಾಯಿಯ ಲ್ಯುತೆನಿತ್ಸಾ ಗೊಜ್ಜು ತುಂಬಿದ ಜಾಡಿಯನ್ನು ಅಡುಗೆಮನೆಯಲ್ಲಿಟ್ಟು, ಗೆಂಚೊ ಕೈ ಉಜ್ಜಿಕೊಳ್ಳುತ್ತ ಕೋಣೆಯ ಹೊಸ್ತಿಲಲ್ಲೇ ನಿಂತ. ಒಳಗೆ ಬರಲಿಲ್ಲ. ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗಿತ್ತು ಅವನ ಮುಖ.

"ಉಗಿಯೋದಿದ್ರೆ ಈಗ್ಲೇ ಉಗಿದ್ಬಿಡು ಲ್ಯುಬೊ. ಪೇಪರಲ್ಲಿ ಓದಿ ಸಾಯೋದು ಬೇಡ ನಾನು."

"ಒಳಗೆ ಬಾ ಬಾಯ್ ಗೆಂಚೊ. ಕೂತ್ಕೋ."

"ಅವೆರಡು ಏನಂತಾವೆ?" ಗೆಂಚೊ ಉಳಿದ ಪೆಟ್ಟಿಗೆಗಳ ಕಡೆ ಗಲ್ಲ ತೋರಿಸಿದ. "ಆ ದಪ್ಪಗಿರೋದು ಯಾರು, ಮಂತ್ರಿನಾ?"

"ಬರೀ ತೂಕ. ಇದರ ಮುಂದೆ ಕೂತ್ರೆ ನೆಟ್ಟಗೆ ಕೂರಬೇಕು ಅನ್ಸುತ್ತೆ."

"ಈ ಮರದ ಕೆನ್ನೆಯೋಳು?"

"ಚೆಂದ. ಮಾತು ಕಮ್ಮಿ."

ಗೆಂಚೊ ನಕ್ಕ. ನಗು ಬೇಗ ಮುಗಿಯಿತು. ಶನಿವಾರ ಸೋಫಿಯಾದ ಹೋಟೆಲೊಂದರಲ್ಲಿ ವರ್ಷದ ಪ್ರದರ್ಶನ. ವಿಯೆನ್ನಾದಿಂದ ಅಂಗಡಿಯವನೊಬ್ಬ ಬರುತ್ತಾನಂತೆ, ಗೆಂಚೊನ ಪೆಟ್ಟಿಗೆ ಕೇಳಲೆಂದೇ. ಹಿಡಿಸಿದರೆ ವರ್ಷಕ್ಕೆ ಹನ್ನೆರಡು ಬೇಕು ಎಂದು ಬರೆದಿದ್ದಾನಂತೆ. "ಹನ್ನೆರಡು ಅಂದ್ರೆ ತಿಂಗಳಿಗೊಂದು. ಅಷ್ಟು ಆಗುತ್ತೆ ನನ್ನ ಕೈಲಿ. ಅರವತ್ತೈದಕ್ಕೆ ಶುರುವಾಗುತ್ತೆ ನೋಡು ಕೆಲವರ ಜೀವನ." ಟ್ರಾನ್ಸ್‌ಫಾರ್ಮರ್‌ಗಳ ತಂತಿಯನ್ನು ಸುರುಳಿ ಸುರುಳಿಯಾಗಿ ತಾನೇ ಸುತ್ತಿದ್ದ. ತಗಡನ್ನು ತಾನೇ ಬಗ್ಗಿಸಿದ್ದ. ಹೊರಗಿನಿಂದ ತಂದದ್ದು ಒಂದೇ, ರಿಮೋಟಿಗೆ ಬೇಕಾದ ಒಂದು ಅಂಗೈಯಗಲದ ಸಿದ್ಧ ಸರ್ಕ್ಯೂಟ್ ಹಲಗೆ. ಕುರ್ಚಿಯಿಂದ ಏಳದೆ ದನಿ ಏರಿಸಲಾಗದ ಪೆಟ್ಟಿಗೆಯನ್ನು ಈಗ ಯಾರೂ ಮೂಸುವುದಿಲ್ಲ ಎಂದು ವಿಯೆನ್ನಾದವನು ಹೇಳಿದ್ದರಿಂದ ಕೊನೆ ವಾರದಲ್ಲಿ ಅದನ್ನು ಸೇರಿಸಿದ್ದ.

ಇಬ್ಬರೂ ಕೇಳಿದರು. ಬೆಟ್ಟದ ಹೆಂಗಸರು ಹಾಡಿದರು, ಕುರುಬನ ಕೊಳಲು ಬಂತು, ಆಮೇಲೆ ಪಿಯಾನೋ. ಲ್ಯುಬೆನ್‌ಗೆ ಸ್ವರಗಳ ಕೆಳಗಿನ ಮೈ ಕೇಳುತ್ತಿತ್ತು, ಮಂಜಿನಲ್ಲಿ ಸೊಂಟದವರೆಗೆ ಮಾತ್ರ ಕಾಣುವ ಜನರಂತೆ. ಆ ಕೆಳಗಿನ ಅರ್ಧವೇ ಅವನನ್ನು ಅಲುಗಿಸಿತು. ಉತ್ತರದ ಪೆಟ್ಟಿಗೆಯ ಬಿಗಿ ಇರಲಿಲ್ಲ, ಇಟಲಿಯದರ ಸವಿ ಇರಲಿಲ್ಲ. ಆದರೆ ಹಾಡುವವಳು ಉಸಿರು ತೆಗೆದುಕೊಳ್ಳುವ ಮೊದಲು ಎದೆ ತೆರೆದುಕೊಳ್ಳುವುದು ತಿಳಿಯುತ್ತಿತ್ತು. ಇದು ನಿಜವೇ, ಅಥವಾ ಪಕ್ಕದಲ್ಲಿ ಕೂತವನು ಗೆಂಚೊ ಎಂಬುದಕ್ಕೆ ಹಾಗನ್ನಿಸಿತೇ? ಅವನಿಗೆ ಇಸ್ಕ್ರಾಳ ಸೂಜಿಗಳು ಬೇಕಾದವು.

ಹಾಡಿನ ತಟ್ಟೆ ಮುಗಿದಾಗ ಗೆಂಚೊ ಎದ್ದ. "ಈಗ ಕೇಳು. ಏನೂ ಹಾಕ್ಬೇಡ. ದನಿ ಪೂರ್ತಿ ಏರಿಸು." ಹಾಡು ಇಲ್ಲದಾಗ ಪೆಟ್ಟಿಗೆ ತಾನಾಗಿ ಎಷ್ಟು ಗೊಣಗುತ್ತದೆ ಎನ್ನುವುದು ವಾಲ್ವ್ ಪೆಟ್ಟಿಗೆ ಕಟ್ಟುವವರ ಮಾನದ ಪ್ರಶ್ನೆ. ಗೆಂಚೊ ಎಡ ಸ್ಪೀಕರಿನ ಮುಂದೆ ಮೊಣಕಾಲೂರಿ ಕಿವಿಯನ್ನು ಬಟ್ಟೆಗೆ ಒತ್ತಿದ. ಬಲದ್ದಕ್ಕೆ ಲ್ಯುಬೆನ್ ಒತ್ತಿದ. ಇಬ್ಬರ ಮುಖಗಳೂ ಎದುರುಬದುರಾಗಿದ್ದವು.

"ಏನಾದ್ರೂ ಇದೆಯಾ?" ಎಂದು ಗೆಂಚೊ ಪಿಸುಗುಟ್ಟಿದ.

"ಇಲ್ಲ."

"ಒಂದು ಚೂರು? ಸುಳ್ಳು ಹೇಳ್ಬೇಡ."

"ಏನೂ ಇಲ್ಲ ಕಣೋ. ಮಸಣ ಇದ್ದ ಹಾಗಿದೆ."

ಗೆಂಚೊ ನೆಲದ ಮೇಲೆ ಹಾಗೇ ಕೂತುಬಿಟ್ಟ. ಅವನ ಕಣ್ಣು ತುಂಬಿತ್ತು. ಹೋಗುವಾಗ ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ, "ನಿನ್ನಂಥ ಕಿವಿ ಹಾಗಂದ್ರೆ ಸರಿ," ಎಂದ.

ಅಂದೇ ಸಂಜೆಯೊಳಗೆ ಲ್ಯುಬೆನ್ ಬರೆದು ಮುಗಿಸಿ ಸಂಪಾದಕ ಕ್ರುಮ್‌ಗೆ ಕಳಿಸಿದ. ಎಂದೂ ಇಷ್ಟು ಸಲೀಸಾಗಿ ಬರೆದಿರಲಿಲ್ಲ. ಮೊದಲೆರಡು ಪೆಟ್ಟಿಗೆಗಳ ಬಲವನ್ನೂ ಕೊರತೆಯನ್ನೂ ನ್ಯಾಯವಾಗಿ ತೂಗಿದ್ದ. ಮೂರನೆಯದಕ್ಕೆ ಬಂದಾಗ ಬರೆದ: ಬಲದಲ್ಲಿ ಇದು ಮೊದಲನೆಯದಕ್ಕೆ ಸಮವಲ್ಲ, ಬೆಡಗಿನಲ್ಲಿ ಎರಡನೆಯದಕ್ಕೆ ಸಮವಲ್ಲ, ಆದರೆ ಇದರ ಮೌನಕ್ಕೆ ಸಮನಾದ ಮೌನವನ್ನು ನಾನು ಇಪ್ಪತ್ತೆರಡು ವರ್ಷಗಳಲ್ಲಿ ಕೇಳಿಲ್ಲ, ಹಿಮ ಬಿದ್ದು ನಿಂತ ಮೇಲೆ ಬೆಟ್ಟದಲ್ಲಿ ಇರುತ್ತದಲ್ಲ, ಅದು. ಓದಿಕೊಂಡಾಗ ಒಳ್ಳೆಯ ಮನುಷ್ಯನಾದಂತೆ ಅನ್ನಿಸಿತು. ಈ ಸಲ ಯಾರ ಕಿವಿಯನ್ನೂ ಕದ್ದಿರಲಿಲ್ಲ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಇಸ್ಕ್ರಾ ಬಂದಳು. ಅವನು ಅವಳಿಗೆಂದೇ ಮೂರನೆಯ ಪೆಟ್ಟಿಗೆಯನ್ನು ಕಾಯಿಸಿಟ್ಟಿದ್ದ. ಮೆಚ್ಚುಗೆಯನ್ನು ಅವಳ ಬಾಯಿಂದಲೂ ಕೇಳಬೇಕೆಂಬ ಆಸೆ. ಅವಳು ಕೋಟು ಬಿಚ್ಚುತ್ತ, ಅಕ್ಕನ ಕಾಲಿನ ವಿಷಯ ಹೇಳುತ್ತ ಕೋಣೆಯ ಬಾಗಿಲವರೆಗೆ ಬಂದು ಮಾತು ನಿಲ್ಲಿಸಿದಳು.

"ಏನದು ಸಿಳ್ಳೆ?"

"ಯಾವ ಸಿಳ್ಳೆ?"

"ಇದೇ. ಸೊಳ್ಳೆ ಕಿವೀಲಿ ಹೊಕ್ಕ ಹಾಗೆ. ಅಯ್ಯೋ, ಹಲ್ಲಿನ ಬುಡಕ್ಕೆ ಹೋಗುತ್ತೆ. ಆರಿಸು ಅದನ್ನ." ಅವನು ಆರಿಸಿದ. "ಹ್ಞಾ, ಹೋಯ್ತು." ಅವಳು ತೋಳಿನ ಮೇಲಿದ್ದ ಕೋಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. "ಲ್ಯುಬೆನ್, ಇದರ ಪಕ್ಕ ಇಷ್ಟು ದಿನ ಹೆಂಗೆ ಕೂತಿದ್ದೆ ನೀನು?"

ಅವನು ಮತ್ತೆ ಗುಂಡಿ ಒತ್ತಿದ. ಅವಳ ಮುಖ ಕಿವುಚಿಕೊಂಡಿತು. ಆರಿಸಿದ, ಮುಖ ಸಡಿಲವಾಯಿತು. ಒತ್ತಿದ; ಕಿವುಚಿಕೊಂಡಿತು. ಪೆಟ್ಟಿಗೆಯ ಸದ್ದು ಅವಳ ಮುಖದಲ್ಲಿ ಮಾತ್ರ ಇತ್ತು. ಆ ಅಂಗೈಯಗಲದ ಹಲಗೆ, ಎಂದು ಅವನಿಗೆ ತಕ್ಷಣ ಹೊಳೆಯಿತು. ಅಳತೆಗಳನ್ನೆಲ್ಲ ಗೆಂಚೊ ಅದನ್ನು ಸೇರಿಸುವ ಮೊದಲೇ ಮುಗಿಸಿದ್ದ. ಅದರ ಸಿಳ್ಳೆ ಒಳಗೆ ಸೋರುತ್ತಿದೆ. ಅರ್ಧ ಗಂಟೆಯ ಕೆಲಸ, ಒಂದು ತಗಡಿನ ಗೋಡೆ ಅಡ್ಡ ಇಟ್ಟರೆ ಸರಿಹೋಗಬಹುದು. ಗೆಂಚೊಗೆ ಕೇಳಿಸಿದ್ದರೆ.

ಇಸ್ಕ್ರಾ ಸೋಫಾದ ಅಂಚಿನಲ್ಲಿ ಕೂತಳು. ಬೈಯಲಿಲ್ಲ. "ಎಷ್ಟು ದಿನದಿಂದ?" ಎಂದು ಮಾತ್ರ ಕೇಳಿದಳು. ಅವನು ಏಪ್ರಿಲ್ ಎಂದ. ಅದು ಗೊತ್ತಾದ ದಿನ, ಶುರುವಾದ ದಿನವಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. "ಬರೆದು ಕಳಿಸಿದ್ಯಾ?" ಅವನು ತಲೆ ತಗ್ಗಿಸಿದ. "ಅಚ್ಚಿಗೆ ಯಾವಾಗ ಹೋಗುತ್ತೆ?"

"ಸಂಜೆ ಐದಕ್ಕೆ."

"ಇನ್ನೂ ಎರಡೂವರೆ. ಕ್ರುಮ್‌ಗೆ ಫೋನ್ ಮಾಡು. ಗೆಂಚೊಗೂ ಮಾಡು. ಇವತ್ತು ಬುಧವಾರ, ಶನಿವಾರದೊಳಗೆ ಸರಿ ಮಾಡ್ಕೊಳ್ತಾನೆ."

ಫೋನು ತೆಗೆದುಕೊಂಡು ಅವನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಎದುರಿನ ಕಟ್ಟಡದ ನೆಲಮಹಡಿಯಲ್ಲಿ ಯಾರೋ ಮೆಣಸಿನಕಾಯಿ ಸುಡುತ್ತಿದ್ದರು, ಹೊಗೆ ಮೇಲೆ ಬರುತ್ತಿತ್ತು. ಕ್ರುಮ್‌ನ ಹೆಸರು ಹುಡುಕಿ ಬೆರಳನ್ನು ಅದರ ಮೇಲಿಟ್ಟ. ಏನೆಂದು ಹೇಳುವುದು. ನಿನ್ನೆ ಕೇಳದ್ದು ಇವತ್ತು ಕೇಳಿತು ಎಂದರೆ, ಯಾಕೆ ಎನ್ನುತ್ತಾನೆ. ಹೆಂಡತಿ ಹೇಳಿದಳು ಎಂದರೆ, ನಿನಗೇನಾಯಿತು ಎನ್ನುತ್ತಾನೆ. ಆಮೇಲೆ ಇಪ್ಪತ್ತೆರಡು ವರ್ಷದ ಒಂದೊಂದು ವಾಕ್ಯವನ್ನೂ ಜನ ತೆಗೆದು ಮೂಸಿ ನೋಡುತ್ತಾರೆ. ಕ್ರುಮ್‌ಗೆ ಬೇಡ, ಗೆಂಚೊಗಾದರೂ ಹೇಳಬೇಕು. ಆದರೆ ಗೆಂಚೊ ಕೇಳುತ್ತಾನೆ, ನಿನ್ನೆ ಕಿವಿ ಒತ್ತಿ ಮಸಣ ಅಂದೆಯಲ್ಲ, ಯಾವ ಮಸಣ ಅದು. ಹಾಗೆ ಕೇಳುವಾಗ ಗೆಂಚೊನ ದನಿ ಹೇಗಿರುತ್ತದೆ ಎಂದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಇಲ್ಲದ ಸದ್ದುಗಳೆಲ್ಲ ಅವನಿಗೆ ಚೆನ್ನಾಗಿಯೇ ಕೇಳಿಸುತ್ತಿದ್ದವು. ಇಷ್ಟಕ್ಕೂ ಸೋಫಿಯಾದ ಹೋಟೆಲಿನಲ್ಲಿ ಜನರ ಗಲಾಟೆ ಇರುತ್ತದೆ, ಯಾರು ಗಮನಿಸುತ್ತಾರೆ. ವಯಸ್ಸಾದವರೇ ಬರುವುದು ಹೆಚ್ಚು. ವಿಯೆನ್ನಾದವನೂ ವಯಸ್ಸಾದವನೇ ಇರಬಹುದು. ಗಾಜಿನೊಳಗಿಂದ ಇಸ್ಕ್ರಾ ನೋಡುತ್ತಿದ್ದಳು. ಅವನು ಫೋನನ್ನು ಕಿವಿಗಿಟ್ಟು ತುಟಿ ಆಡಿಸಿದ. ಒಂದು ಕೈಯನ್ನೂ ಆಡಿಸಿದ, ವಿವರಿಸುವವರ ಹಾಗೆ.

"ಹೇಳಿದ್ಯಾ?" ಎಂದಳು ಅವಳು.

"ಹೇಳಿದೆ."

"ಗೆಂಚೊಗೆ?"

"ಅವನಿಗೂ."

ಅವಳು ಎದ್ದು ಬಂದು ಅವನ ಕಿವಿಯ ಹಿಂದಿನ ಕೂದಲನ್ನು ಸರಿ ಮಾಡಿದಳು. ಮದುವೆಯಾದ ಹೊಸತರಲ್ಲಿ ಹಾಗೆ ಮಾಡುತ್ತಿದ್ದಳು. ಅವನು ಅಲುಗದೆ ನಿಂತಿದ್ದ. ಮರುದಿನ ಬೆಳಿಗ್ಗೆ, ಅವಳು ಪೇಟೆಗೆ ಹೋಗಿದ್ದಾಗ, ಗೆಂಚೊ ಬಂದು ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಅದಕ್ಕೆ ಬೆಲ್ಟು ಹಾಕಿಕೊಂಡು ಹೋದ.

ಶನಿವಾರ ಹೋಟೆಲಿನ ನಾಲ್ಕನೇ ಮಹಡಿಯಲ್ಲಿ, ಮಂಚಗಳನ್ನು ತೆಗೆಸಿದ ಕೋಣೆಯೊಂದರಲ್ಲಿ, ಇಪ್ಪತ್ತು ಕುರ್ಚಿ ಹಾಕಿದ್ದರು. ಗೆಂಚೊ ಕಂದು ಸೂಟು ತೊಟ್ಟಿದ್ದ. ತೋಳು ಚಿಕ್ಕದಾಗಿ ಮಣಿಕಟ್ಟು ಕಾಣುತ್ತಿತ್ತು. ಮೇಜಿನ ಮೇಲೆ ಪತ್ರಿಕೆಯ ಐದಾರು ಪ್ರತಿಗಳನ್ನು ಅದೇ ಪುಟಕ್ಕೆ ತೆರೆದಿಟ್ಟಿದ್ದ, ಗಾಳಿಗೆ ಮಡಚದಂತೆ ಮೇಲೆ ಸುಟ್ಟುಹೋದ ಹಳೆಯ ವಾಲ್ವ್‌ಗಳನ್ನಿಟ್ಟು. ಲ್ಯುಬೆನ್ ಹಿಂದಿನ ಸಾಲಿನ ತುದಿಯಲ್ಲಿ, ಬಾಗಿಲ ಹತ್ತಿರ ಕೂತ. ಗೆಂಚೊ ಎಲ್ಲರ ಎದುರು ಅವನನ್ನು ತೋರಿಸಿ, "ನಾನು ಹೇಳೋಕೆ ಏನೂ ಇಲ್ಲ, ಅವರೇ ಬರ್ದಿದಾರೆ," ಎಂದ. ಬಾಗಿಲು ಮುಚ್ಚಿದರು. ವಿಯೆನ್ನಾದವನು ಮೊದಲ ಸಾಲಿನಲ್ಲಿದ್ದ. ವಯಸ್ಸಾದವನಲ್ಲ, ನಲವತ್ತು ಮೀರಿರಲಿಲ್ಲ. "ಮೊದಲು ಮೌನ ಕೇಳಿ," ಎಂದು ಗೆಂಚೊ ದನಿಯನ್ನು ಪೂರ್ತಿ ಏರಿಸಿ, ಕೈ ಕಟ್ಟಿಕೊಂಡು ನಿಂತ.

ಲ್ಯುಬೆನ್ ಜನರ ಕತ್ತುಗಳನ್ನು ನೋಡುತ್ತಿದ್ದ. ಮೊದಲು ಒಬ್ಬ ಯುವತಿ ಕಿವಿಗೆ ಬೆರಳಿಟ್ಟಳು. ಅವಳ ಪಕ್ಕದವನು ಹುಬ್ಬು ಗಂಟಿಕ್ಕಿದ. ಮೂರನೇ ಸಾಲಿನಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿದರು. ಬಿಳಿಕೂದಲಿನವರು ಏನೂ ಆಗಿಲ್ಲವೆಂಬಂತೆ ಕೂತಿದ್ದರು, ಉಳಿದವರು ಒಬ್ಬೊಬ್ಬರಾಗಿ ಅಲುಗಿದರು. ಕೋಣೆ ವಯಸ್ಸಿನಿಂದ ಎರಡು ಹೋಳಾಯಿತು. ಗೆಂಚೊ ಮೆಚ್ಚುಗೆಗೆ ಕಾಯುತ್ತ ನಗುತ್ತಲೇ ಇದ್ದ. ವಿಯೆನ್ನಾದವನು ಬಗ್ಗಿ ಪೆಟ್ಟಿಗೆಯ ಹತ್ತಿರ ತಲೆ ವಾಲಿಸಿ, ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಕೇಳಿದ. ಗೆಂಚೊಗೆ ಅರ್ಥವಾಗಲಿಲ್ಲ.

"ಸಿಳ್ಳೆ ಹೊಡೀತಿದೆ ಅಂತಿದಾರೆ," ಎಂದಳು ಯುವತಿ. "ಹೊಡೀತಾನೂ ಇದೆ."

"ಸಿಳ್ಳೆನಾ?" ಗೆಂಚೊ ನಗು ಇಳಿಸದೆ ಕೇಳಿದ. "ಎಲ್ಲಿ?"

ಯಾರೋ ಮೇಜಿನ ಮೇಲಿದ್ದ ಪತ್ರಿಕೆ ಎತ್ತಿಕೊಂಡು ಗಟ್ಟಿಯಾಗಿ ಓದಿದ, ಹಿಮ ಬಿದ್ದು ನಿಂತ ಮೇಲೆ ಬೆಟ್ಟದಲ್ಲಿ ಇರುತ್ತದಲ್ಲ, ಅದು. "ಬೆಟ್ಟದಲ್ಲಿ ಪ್ರೆಷರ್ ಕುಕ್ಕರ್ ಇಟ್ಟಿದಾರೆ ಕಣಯ್ಯ," ಎಂದ ಇನ್ನೊಬ್ಬ. ನಗೆ ಎದ್ದಿತು, ಕೆಟ್ಟ ನಗೆಯಲ್ಲ, ಶನಿವಾರದ ನಗೆ. ಎಲ್ಲರೂ ಲ್ಯುಬೆನ್ ಕಡೆ ತಿರುಗಿದರು. ಗೆಂಚೊನೂ ತಿರುಗಿದ, ಕೈ ಹಿಡಿದು ದಾಟಿಸು ಎನ್ನುವ ಕುರುಡನಂತೆ. ಆ ಕ್ಷಣ ಬಾಯಿ ತೆರೆದರೆ ನಿಜವೇ ಬರುತ್ತದೆಂದು ಲ್ಯುಬೆನ್ ಅಂದುಕೊಂಡಿದ್ದ. ಬಂದದ್ದು ಬೇರೆ.

"ನಾನು ಕೇಳಿದಾಗ ಇದು ಇರ್ಲಿಲ್ಲ," ಎಂದ.

ಗೆಂಚೊ ಅವನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಗುಂಡಿ ಆರಿಸಿ, ವಾಲ್ವ್‌ಗಳು ತಣ್ಣಗಾಗುವವರೆಗೂ ಕಾಯದೆ ಕಂಬಳಿ ತಂದು ಹೊದಿಸಿದ. ಸುಟ್ಟ ಉಣ್ಣೆಯ ವಾಸನೆ ಬಂತು. ಪಕ್ಕದ ಕೋಣೆಯಲ್ಲಿ ಬೇರೆಯವರ ಪೆಟ್ಟಿಗೆ ಶುರುವಾಗಿತ್ತು. ಜನ ಅತ್ತ ಹೋದರು.

ಲ್ಯುಬೆನ್ ಮನೆಗೆ ಬಂದಾಗ ಅಂಚೆಯಲ್ಲಿ ಬಂದ ಪತ್ರಿಕೆ ಅಡುಗೆಮನೆಯ ಮೇಜಿನ ಮೇಲೆ, ಅದೇ ಪುಟಕ್ಕೆ ತೆರೆದು ಬಿದ್ದಿತ್ತು. ಇಸ್ಕ್ರಾ ಒಲೆಯ ಮುಂದಿದ್ದಳು. "ಸಾರು ಬಿಸಿ ಇದೆ, ಬಡಿಸ್ಕೋ," ಎಂದಳು. ಮುಂದಿನ ವಾರ ಹೊಸ ಪೆಟ್ಟಿಗೆ ಬಂದಾಗ ಅವನು ಕೋಣೆಯಿಂದ ಕರೆದ; ಅವಳು ಹೆಣಿಗೆ ತರದೆ ಬಂದು, ನಿಂತೇ ಕೇಳಿ, "ನಂಗಿದೆಲ್ಲಾ ತಿಳಿಯಲ್ಲ," ಎಂದು ಹೋದಳು. ಅವಳು ಸಿಟ್ಟಾಗಿದ್ದರೆ ಅವನು ಜಗಳವಾಡುತ್ತಿದ್ದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬಾಡಿಗೆ ಮನೆ ಖಾಲಿ ಮಾಡಿದವರ ಮುಖದಲ್ಲಿರುವುದು ಇತ್ತು. ಲೇಖನ ಅವನು ಬರೆದೇ ಬರೆದ. ಹಳೆಯ ಲೇಖನಗಳಿಂದ ಅಲ್ಲೊಂದು ಗಾಳಿ, ಇಲ್ಲೊಂದು ಹತ್ತಿ ತೆಗೆದು ಸೇರಿಸಿದ. ಚೆನ್ನಾಗಿದೆ ಎಂದು ಕ್ರುಮ್ ಹೇಳಿದ. ಸೋಫಿಯಾದ ವಿಷಯ ಕ್ರುಮ್‌ನ ಕಿವಿಗೂ ಬಿದ್ದಿತ್ತು. ಮುದುಕ ಪೆಟ್ಟಿಗೆಯನ್ನು ದಾರಿಯಲ್ಲಿ ಎಲ್ಲೋ ಬೀಳಿಸಿರಬೇಕು, ಪಾಪ, ಎಂದ. ಲ್ಯುಬೆನ್ ಇರಬಹುದು ಎಂದ.

ಡಿಸೆಂಬರ್ ಎರಡನೇ ವಾರ, ಹೇಳಿಬಿಡಬೇಕೆಂದೇ ಆಸೆನೊವ್‌ಗ್ರಾದ್‌ಗೆ ಹೋದ. ಬಸ್ಸಿನಲ್ಲಿ ವಾಕ್ಯ ಕಟ್ಟಿಕೊಂಡಿದ್ದ: ಬಾಯ್ ಗೆಂಚೊ, ನಂಗೂ ಕೇಳಿಸಲ್ಲ. ನಾಲ್ಕೇ ಪದ. ಕೊಟ್ಟಿಗೆಯ ಬಾಗಿಲು ತೆರೆದಿತ್ತು, ಸೌದೆ ಒಲೆ ಉರಿಯುತ್ತಿತ್ತು. ಗೆಂಚೊ ಕೂತು ಟ್ರಾನ್ಸ್‌ಫಾರ್ಮರಿನ ಸುರುಳಿ ಬಿಚ್ಚುತ್ತಿದ್ದ. ಕಾಲಿನ ಬಳಿ ತಾಮ್ರದ ತಂತಿ ಹೊಂಬಣ್ಣದ ಕೂದಲಿನಂತೆ ಗುಡ್ಡೆಯಾಗಿತ್ತು.

"ಬಂದ್ಯಾ. ಸರಿಯಾದ ಹೊತ್ತಿಗೆ ಬಂದೆ, ಈ ಉರುಳೆ ಹಿಡ್ಕೋ. ಒಬ್ಬನೇ ಬಿಚ್ಚಿದ್ರೆ ಗಂಟಾಗುತ್ತೆ."

ಲ್ಯುಬೆನ್ ಮೋಟು ಕುರ್ಚಿ ಎಳೆದುಕೊಂಡು ಎದುರು ಕೂತು ಉರುಳೆ ಹಿಡಿದ. "ಯಾಕೆ ಬಿಚ್ತಿದೀಯಾ?"

"ತಾಮ್ರಕ್ಕೆ ಬೆಲೆ ಇದೆ. ಸದ್ದಿಗಿಲ್ಲ." ಗೆಂಚೊ ತಂತಿ ಎಳೆದ, ಉರುಳೆ ತಿರುಗಿತು. "ಆಸ್ಪತ್ರೆಗೆ ಹೋಗಿದ್ದೆ. ಮೇಲಿನದ್ದೆಲ್ಲಾ ಹೋಗಿದೆ ಅಂದ್ರು, ಎಷ್ಟೋ ವರ್ಷ ಆಯ್ತಂತೆ. ಕಿವುಡ ಆಂಪ್ಲಿಫೈಯರ್ ಮಾಡ್ತಿದ್ದ, ನಗ್ಬೇಕಾದ್ದೇ."

"ಬಾಯ್ ಗೆಂಚೊ…"

"ಸುಮ್ನಿರು, ನಾನು ಹೇಳ್ತೀನಿ. ಮೊದಮೊದಲು ನಿನ್ನ ಮೇಲೆ ಹೊಟ್ಟೆ ಉರೀತು. ಆಮೇಲೆ ಕೂತು ಯೋಚಿಸ್ದೆ. ಅವತ್ತು ನಿಮ್ಮನೇಲಿ ಸ್ಪೀಕರಿಗೆ ಕಿವಿ ಇಟ್ಟಾಗ ನಿಂಗೆ ಕೇಳಿಸಿತ್ತು. ಕೇಳಿಸ್ದೆ ಇರುತ್ತಾ ನಿಂಗೆ? ನನ್ನ ಮುಖ ನೋಡ್ದೆ, ಹೇಳೋಕೆ ಬಾಯಿ ಬರ್ಲಿಲ್ಲ. ಪೇಪರಲ್ಲೂ ಮುಚ್ಚಿ ಬರ್ದೆ. ಸೋಫಿಯಾದಲ್ಲೂ, ಮುಂಚೆ ಇರ್ಲಿಲ್ಲ ಅಂದ್ಯಲ್ಲ, ದಾರೀಲಿ ಕೆಟ್ಟಿರ್ಬೇಕು ಅಂತ ಜನ ತಿಳ್ಕೊಳ್ಳಲಿ ಅಂತ. ತಪ್ಪು ಮಾಡ್ದೆ ಲ್ಯುಬೊ. ಹೇಳ್ಬೇಕಿತ್ತು. ಆದ್ರೆ ನನ್ನ ಮೇಲಿನ ಪ್ರೀತಿಗೆ ಮಾಡಿದ ತಪ್ಪು."

ಉರುಳೆ ತಿರುಗುತ್ತಿತ್ತು. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ನಾಲ್ಕು ಪದಗಳು ಲ್ಯುಬೆನ್‌ಗೆ ನೆನಪಾದವು. ಹೇಳಿದರೆ ಈ ಒಲೆಯ ಮುಂದೆ ಇಬ್ಬರು ಕಿವುಡರು ಒಟ್ಟಿಗೆ ಕೂತಂತಾಗುತ್ತಿತ್ತು, ಗೆಂಚೊಗೆ ಒಂದು ಜೊತೆ ಸಿಗುತ್ತಿತ್ತು, ಬಹುಶಃ ಅವನಿಗೆ ಈಗ ಬೇಕಾಗಿದ್ದದ್ದು ಅದೊಂದೇ. ಆದರೆ ಗೆಂಚೊ ಈಗಷ್ಟೇ ಅವನಿಗೆ ಕೊಟ್ಟಿದ್ದ ತಪ್ಪು ಎಷ್ಟು ಬೆಚ್ಚಗಿತ್ತು. ಅದನ್ನು ಹೊದ್ದುಕೊಂಡರೆ ಸಾಕಿತ್ತು.

"ತಪ್ಪಾಯ್ತು ಬಾಯ್ ಗೆಂಚೊ," ಎಂದ ಲ್ಯುಬೆನ್. "ಹೇಳ್ಬೇಕಿತ್ತು."

ಗೆಂಚೊ ತಲೆಯನ್ನು ಅತ್ತಿತ್ತ ಆಡಿಸಿದ, ಹೌದು ಹೌದು ಎಂದು. ಉರುಳೆ ಇನ್ನೂ ನಾಲ್ಕು ಸುತ್ತು ತಿರುಗಿತು. ಆಮೇಲೆ ಅವನು ತಂತಿ ಎಳೆಯುವುದನ್ನು ನಿಲ್ಲಿಸಿದ.

"ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ. ಅದು ಹೆಂಗಿತ್ತು?"

"ಯಾವುದು?"

"ಅದೇ, ಆ ಸಿಳ್ಳೆ. ನನ್ನ ಕೈಯಾರೆ ಹುಟ್ಟಿದ್ದು, ನಂಗೊಬ್ಬನಿಗೇ ಕೇಳಿಸ್ಲಿಲ್ಲ. ನೀನು ಹೇಳೋದ್ರಲ್ಲಿ ಗಟ್ಟಿಗ. ಪೇಪರಿಗೆ ಬರೀತೀಯಲ್ಲ, ಹಂಗೆ ಹೇಳು."

ಗೆಂಚೊ ಕಣ್ಣು ಮುಚ್ಚಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು ಕಾದ. ಒಲೆಯಲ್ಲಿ ಸೌದೆ ಕುಸಿಯಿತು. ಲ್ಯುಬೆನ್ ಗಂಟಲು ಸರಿಮಾಡಿಕೊಂಡ. "ತೆಳ್ಳಗಿತ್ತು," ಎಂದು ಶುರು ಮಾಡಿದ. "ತುಂಬಾ ತೆಳ್ಳಗೆ. ಚಳಿಗಾಲದಲ್ಲಿ ಕೆರೆ ಮೇಲೆ ಮೊದಲ ಸಲ ಮಂಜುಗಡ್ಡೆ ಕಟ್ಟಿದಾಗ, ಅಂಚಲ್ಲಿ ಒಂದು ಗಾಜಿನ ಎಳೆ ಇರುತ್ತಲ್ಲ, ಅದು ಬಿರುಕು ಬಿಡೋ ಮುಂಚೆ ನಡುಗಿದ ಹಾಗೆ. ಎಲ್ಲಿಂದ ಬರುತ್ತೆ ಅಂತ ಗೊತ್ತಾಗ್ತಿರಲಿಲ್ಲ. ಎತ್ತರದಲ್ಲಿ ಇತ್ತು, ಹೆಂಗಸರು ಹಾಡೋದಕ್ಕಿಂತ ಮೇಲೆ. ಏರೋದೂ ಇಲ್ಲ, ಇಳಿಯೋದೂ ಇಲ್ಲ. ಮೊದಲು ಕೆಟ್ಟದು ಅನ್ಸುತ್ತೆ, ಕೇಳ್ತಾ ಕೇಳ್ತಾ…" ಅವನ ದನಿ ತಾನಾಗಿಯೇ ಹದಕ್ಕೆ ಬಂತು. ಪದಗಳು ಸಾಲುಗಟ್ಟಿ ನಿಂತಿದ್ದವು, ಒಂದನ್ನು ಕರೆದರೆ ಎರಡು ಬರುತ್ತಿದ್ದವು. ಇಷ್ಟು ಚೆನ್ನಾಗಿ ಅವನು ಯಾವ ಸದ್ದಿನ ಬಗ್ಗೆಯೂ ಮಾತಾಡಿರಲಿಲ್ಲ. ಎದುರಿಗೆ ಗೆಂಚೊ ಮುಚ್ಚಿದ ಕಣ್ಣುಗಳಲ್ಲೇ ಮುಖವನ್ನು ಒಂದಿಷ್ಟು ಮೇಲಕ್ಕೆತ್ತಿದ, ಕೊನೆಗೂ ಅದು ಕೇಳಿಸುತ್ತಿದೆಯೇನೋ ಎಂಬಂತೆ. "ಹ್ಞಾ," ಎಂದ ಮೆಲ್ಲಗೆ. "ಹ್ಞಾ. ಇನ್ನೂ ಹೇಳು."